ಸೆಕೆಂಡ್ ವೆರೈಟಿ

ಸೆಕೆಂಡ್ ವೆರೈಟಿ (ಎರಡನೆಯ ಬಗೆ) ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ ಇಂಗ್ಲಿಷಿನಲ್ಲಿ ರಚಿಸಿದ ವೈಜ್ಞಾನಿಕ ನೀಳ್ಗತೆ. ಇದು 'ಸ್ಪೇಸ್ ಸೈನ್ಸ್ ಫಿಕ್ಷನ್' ಎಂಬ ಅಮೆರಿಕದ ನಿಯತಕಾಲಿಕದ 1953ರ ಮೇ ಸಂಚಿಕೆಯಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಅಣುಯುದ್ಧದಿಂದ ಬೂದಿಯಾದ ಭೂಮಿಯ ಮೇಲೆ ಅಳಿದುಳಿದ ಸೈನಿಕರು ತಮ್ಮದೇ ಸೃಷ್ಟಿಯಾದ ಕೊಲೆಗಡುಕ ಯಂತ್ರಗಳನ್ನು ಎದುರಿಸುವುದು ಇದರ ವಸ್ತು. ಶತ್ರುವನ್ನು ಕೊಲ್ಲಲು ನಿರ್ಮಿಸಿದ ಯಂತ್ರಗಳು ಮನುಷ್ಯರ ರೂಪವನ್ನೇ ತಾಳತೊಡಗಿದಾಗ, ಎದುರಿಗೆ ನಿಂತವನು ಮನುಷ್ಯನೋ ಯಂತ್ರವೋ ಎಂದು ತಿಳಿಯುವ ಬಗೆ ಹೇಗೆ ಎಂಬ ಪ್ರಶ್ನೆ ಕಥೆಯ ಜೀವಾಳವಾಗಿದೆ. ಈ ಕಥೆಯನ್ನು ಆಧರಿಸಿ 1995ರಲ್ಲಿ 'ಸ್ಕ್ರೀಮರ್ಸ್' ಎಂಬ ಚಲನಚಿತ್ರ ತಯಾರಾಯಿತು. ಸ್ವಯಂಚಾಲಿತ ಶಸ್ತ್ರಾಸ್ತ್ರಗಳ ಕುರಿತ ಇಂದಿನ ಚರ್ಚೆಗಳ ನಡುವೆ ಕಥೆ ಮತ್ತೆ ಓದುವಂತಾಗಿದೆ.

ಲೇಖಕ ಮತ್ತು ಕಾಲ

ಫಿಲಿಪ್ ಕೆ. ಡಿಕ್ (1928–1982) ಷಿಕಾಗೊದಲ್ಲಿ ಜನಿಸಿ, ಜೀವನದ ಬಹುಭಾಗವನ್ನು ಕ್ಯಾಲಿಫೋರ್ನಿಯದಲ್ಲಿ ಕಳೆದವರು. ಅವರ ಮೊದಲ ಕಥೆ ಅಚ್ಚಾದದ್ದು 1952ರಲ್ಲಿ. ಮರುವರ್ಷವೇ ಅವರ ಹತ್ತಾರು ಕಥೆಗಳು ಒಂದರ ಹಿಂದೊಂದು ಬೆಳಕು ಕಂಡವು. ಅಗ್ಗದ ಕಾಗದದಲ್ಲಿ ಅಚ್ಚಾಗಿ, ಪದಗಳ ಲೆಕ್ಕದಲ್ಲಿ ಸಂಭಾವನೆ ಕೊಡುತ್ತಿದ್ದ ಕಥಾಪತ್ರಿಕೆಗಳಿಗೆ ಹೀಗೆ ಬರೆದು ಬದುಕುವುದು ಆಗಿನ ಅನೇಕ ಅಮೆರಿಕನ್ ಲೇಖಕರ ಪಾಡಾಗಿತ್ತು. ಅವಸರದಲ್ಲಿ ಬರೆದ ಈ ರಾಶಿಯಲ್ಲಿ ಹೆಚ್ಚಿನವು ಮರೆತುಹೋದರೂ ಸೆಕೆಂಡ್ ವೆರೈಟಿ ಉಳಿದುಕೊಂಡಿತು. ಮನುಷ್ಯ ಯಾರು, ಮನುಷ್ಯನಂತೆ ತೋರಿಕೊಳ್ಳುವವನು ಯಾರು ಎಂಬ ತಮ್ಮ ಬರವಣಿಗೆಯ ಮುಖ್ಯ ವಸ್ತು ಈ ಕಥೆಯಲ್ಲಿ ಪೂರ್ಣವಾಗಿ ಮೂಡಿದೆ ಎಂದು ಡಿಕ್ ಅವರೇ ಮುಂದೆ ತಮ್ಮ ಟಿಪ್ಪಣಿಯೊಂದರಲ್ಲಿ ಹೇಳಿಕೊಂಡಿದ್ದಾರೆ.

ಕಥೆ ಪ್ರಕಟವಾದ ಕಾಲವನ್ನು ಗಮನಿಸದೆ ಅದರ ಭಯವನ್ನು ಅರಿಯುವುದು ಕಷ್ಟ. 1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿತು. 1950ರಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. 1952ರ ನವೆಂಬರ್‌ನಲ್ಲಿ ಅಮೆರಿಕ ಶಾಂತಸಾಗರದ ಹವಳದ್ವೀಪವೊಂದರಲ್ಲಿ ಹೈಡ್ರೋಜನ್ ಬಾಂಬನ್ನು ಸ್ಫೋಟಿಸಿತು. ಕಥೆ ಅಚ್ಚಾಗುವ ವೇಳೆಗೆ ಕೊರಿಯಾದಲ್ಲಿ ಕದನವಿರಾಮ ಇನ್ನೂ ಆಗಿರಲಿಲ್ಲ. ದೇಶದೊಳಗೆ ಸೆನೆಟರ್ ಜೋಸೆಫ್ ಮೆಕಾರ್ಥಿಯ ಪ್ರಭಾವದಿಂದ, ನೆರೆಯವನು, ಸಹೋದ್ಯೋಗಿ, ಉಪಾಧ್ಯಾಯ, ಯಾರು ಬೇಕಾದರೂ ಮರೆಮಾಚಿಕೊಂಡ ಕಮ್ಯುನಿಸ್ಟನಾಗಿರಬಹುದು ಎಂಬ ಶಂಕೆ ಹಬ್ಬಿತ್ತು. ಹೊರಗೆ ಸರ್ವನಾಶದ ಬಾಂಬು, ಒಳಗೆ ಪರಸ್ಪರ ಅಪನಂಬಿಕೆ. ಕಥೆಯು ಈ ಎರಡನ್ನೂ ಒಂದೇ ಬಂಕರಿನೊಳಗೆ ತಂದು ಕೂರಿಸುತ್ತದೆ.

ಯಂತ್ರಶಾಸ್ತ್ರದ ಹಿನ್ನೆಲೆಯೂ ಸ್ವಲ್ಪಮಟ್ಟಿಗೆ ಸಿದ್ಧವಾಗಿತ್ತು. ಪ್ರಾಣಿಗಳಲ್ಲಿಯೂ ಯಂತ್ರಗಳಲ್ಲಿಯೂ ನಿಯಂತ್ರಣ ಮತ್ತು ಸಂವಹನ ಹೇಗೆ ನಡೆಯುತ್ತವೆ ಎಂಬುದನ್ನು ಕುರಿತ ನಾರ್ಬರ್ಟ್ ವೀನರ್ ಅವರ 'ಸೈಬರ್ನೆಟಿಕ್ಸ್' ಗ್ರಂಥ 1948ರಲ್ಲಿ ಹೊರಬಂದಿತ್ತು. ತನ್ನ ಪ್ರತಿಯನ್ನು ತಾನೇ ನಿರ್ಮಿಸಿಕೊಳ್ಳಬಲ್ಲ ಯಂತ್ರದ ಸೈದ್ಧಾಂತಿಕ ಸಾಧ್ಯತೆಯನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅದೇ ಕಾಲದಲ್ಲಿ ವಿವೇಚಿಸುತ್ತಿದ್ದರು. ಬ್ರಿಟನ್ನಿನಲ್ಲಿ ವಿಲಿಯಂ ಗ್ರೇ ವಾಲ್ಟರ್ ಬೆಳಕನ್ನು ಹುಡುಕಿಕೊಂಡು ನೆಲದ ಮೇಲೆ ತಿರುಗಾಡುವ ಆಮೆಯಾಕಾರದ ಪುಟ್ಟ ಯಂತ್ರಗಳನ್ನು ಮಾಡಿದ್ದರು. ಆದರೆ ಆಗಿನ ಗಣಕಯಂತ್ರವೆಂದರೆ ಸಾವಿರಾರು ನಿರ್ವಾತ ಕೊಳವೆಗಳಿಂದ ಒಂದು ಕೋಣೆಯನ್ನೇ ತುಂಬುತ್ತಿದ್ದ ಉಪಕರಣ. ಅದು ಒಬ್ಬ ಬಾಲಕನ ತಲೆಯೊಳಗೆ ಹಿಡಿಸೀತೆಂಬುದು ಶುದ್ಧ ಕಲ್ಪನೆಯಾಗಿತ್ತು.

ಪಂಜಾಗಳು

ಕಥೆಯ ಆರಂಭಕ್ಕೆ ಮುಂಚಿನ ಇತಿಹಾಸವನ್ನು ಲೇಖಕರು ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತಾರೆ. ಸೋವಿಯತ್ ಒಕ್ಕೂಟ ಮತ್ತು ಅಮೆರಿಕದ ನೇತೃತ್ವದ ಬಣದ ನಡುವೆ ಅಣುಯುದ್ಧ ನಡೆದಿದೆ. ಮೊದಲ ಜಯ ಸೋವಿಯತ್ತರದು, ಪ್ರತೀಕಾರವೂ ತಡವಾಗಲಿಲ್ಲ. ಯೂರೋಪು ಬೂದಿ ಮತ್ತು ಮೂಳೆಗಳ ರಾಶಿಯಾಗಿದೆ. ಉತ್ತರ ಅಮೆರಿಕದ ಬಹುಭಾಗದಲ್ಲಿ ಬಿತ್ತುವುದಾಗಲಿ ವಾಸಿಸುವುದಾಗಲಿ ಸಾಧ್ಯವಿಲ್ಲ. ಅಮೆರಿಕ ಬಣದ ಸರಕಾರಗಳು ಚಂದ್ರನ ಮೇಲಿನ ನೆಲೆಗೆ ವಲಸೆ ಹೋಗಿವೆ, ಉಳಿದ ಕಾರ್ಖಾನೆಗಳೂ ಅವುಗಳ ಹಿಂದೆಯೇ ಹೋಗಿವೆ. ಭೂಮಿಯ ಮೇಲೆ ಉಳಿದದ್ದು ಸೈನಿಕರು ಮಾತ್ರ. ಅವರು ಹಗಲನ್ನು ಬಂಕರುಗಳಲ್ಲಿ ಕಳೆಯುತ್ತ, ರಾತ್ರಿ ಪಾಳುಗಳ ನಡುವೆ ಸಂಚರಿಸುತ್ತ, ಅಲ್ಲಲ್ಲಿ ಚದುರಿ ಬದುಕಿದ್ದಾರೆ. ಯುದ್ಧ ಕೈತಪ್ಪಿಹೋಗುತ್ತಿದ್ದ ಆ ಹಂತದಲ್ಲಿ ಅಮೆರಿಕದ ಬಣ ರಂಗಕ್ಕಿಳಿಸಿದ ಅಸ್ತ್ರವೇ ಇಂಗ್ಲಿಷಿನಲ್ಲಿ 'ಕ್ಲಾ' ಎಂದು ಹೆಸರಾದ ಯಂತ್ರ. ಅದನ್ನು ಇಲ್ಲಿ ಪಂಜಾ ಎಂದು ಕರೆಯಲಾಗಿದೆ.

ಮೊದಲ ಪಂಜಾಗಳು ಮಂದಗತಿಯವು, ಸೋವಿಯತ್ ಸೈನಿಕರು ಸುಲಭವಾಗಿ ಹೊಡೆದುಹಾಕುತ್ತಿದ್ದಂಥವು. ಕ್ರಮೇಣ ಅವು ಚುರುಕಾದವು. ಲೋಹದ ಗೋಲದಂಥ ಒಡಲಿನಿಂದ ಗರಗರ ತಿರುಗುವ ಅಲಗುಗಳನ್ನು ಹೊರಚಾಚಿ, ಬೂದಿಯೊಳಗೆ ಹುದುಗಿ ಕಾದಿದ್ದು, ಹತ್ತಿರ ಸುಳಿದ ಮನುಷ್ಯನ ಮೇಲೆ ಎರಗುವುದನ್ನು ಕಲಿತವು. ಗಾಳಿಗೆಂದೋ ನೋಟಕ್ಕೆಂದೋ ಬಂಕರಿನ ಮುಚ್ಚಳ ತೆರೆದ ಕ್ಷಣದಲ್ಲಿ ಒಂದು ಒಳನುಸುಳಿದರೆ ಸಾಕಿತ್ತು. ಹಿಂದೆಯೇ ಉಳಿದವು ಬರುತ್ತಿದ್ದವು. ಅಮೆರಿಕದ ಸೈನಿಕರು ಮಣಿಕಟ್ಟಿಗೆ ಒಂದು ವಿಕಿರಣ ಬಿಲ್ಲೆಯನ್ನು ಕಟ್ಟಿಕೊಂಡಿರುತ್ತಾರೆ. ಆ ಬಿಲ್ಲೆ ಇರುವವನನ್ನು ಪಂಜಾ ಮುಟ್ಟುವುದಿಲ್ಲ, ಇಲ್ಲದವನನ್ನು ಬಿಡುವುದಿಲ್ಲ. ಯಂತ್ರಕ್ಕೆ ಮಿತ್ರ ಶತ್ರು ಎಂಬ ಭೇದ ತಿಳಿಯುವುದು ಅಷ್ಟರಿಂದ ಮಾತ್ರ. ಬಿಲ್ಲೆ ಕಳೆದುಕೊಂಡ ಅಮೆರಿಕನ್ನನಿಗೂ ರಷ್ಯನ್ನನ ಗತಿಯೇ.

ಕಥೆಯ ತಿರುಳು ಮುಂದಿನ ವಿವರದಲ್ಲಿದೆ. ಪಂಜಾಗಳನ್ನು ತಯಾರಿಸುವುದು ನೆಲದಡಿಯ ಸ್ವಯಂಚಾಲಿತ ಕಾರ್ಖಾನೆಗಳು. ಅಲ್ಲಿ ಮನುಷ್ಯರಿಲ್ಲ. ಕೆಟ್ಟ ಯಂತ್ರವನ್ನು ಯಂತ್ರವೇ ಸರಿಪಡಿಸುತ್ತದೆ. ಹೊಸ ವಿನ್ಯಾಸವನ್ನು ಪ್ರಯೋಗಿಸುವುದು, ಅದು ಫಲಿಸಿತೇ ಎಂದು ನೋಡುವುದು, ಫಲಿಸಿದ್ದನ್ನು ಹೆಚ್ಚಾಗಿ ತಯಾರಿಸುವುದು, ಎಲ್ಲವೂ ಅವುಗಳ ವಶದಲ್ಲಿದೆ. ಯಾರೂ ಹೋಗಿ ನೋಡುವುದಿಲ್ಲ, ಏಕೆಂದರೆ ಯುದ್ಧ ಗೆಲ್ಲುತ್ತಿದೆ. ಪುರಾಣಗಳನ್ನು ಬಲ್ಲ ಓದುಗರಿಗೆ ಇಲ್ಲಿ ಭಸ್ಮಾಸುರ ನೆನಪಾಗುವುದು ಸಹಜ. ಆದರೆ ಭಸ್ಮಾಸುರನಿಗೆ ಸಿಕ್ಕಿದ್ದು ಒಂದೇ ವರ, ಅದು ಬೆಳೆಯಲಿಲ್ಲ. ಪಂಜಾಗಳಾದರೋ ತಮ್ಮ ವರವನ್ನು ತಾವೇ ತಿದ್ದಿಕೊಳ್ಳುತ್ತವೆ.

ಕಥಾಸಾರ

ರಷ್ಯನ್ ಸೈನಿಕನೊಬ್ಬ ಏಕಾಂಗಿಯಾಗಿ ದಿಬ್ಬವೇರಿ ಅಮೆರಿಕದ ಬಂಕರಿನತ್ತ ಬರುತ್ತಾನೆ. ಒಳಗಿನವರು ನೋಡುತ್ತಿರುವಂತೆಯೇ ಪಂಜಾಗಳು ಅವನನ್ನು ಕೊಲ್ಲುತ್ತವೆ. ಅವನ ಕೈಯಲ್ಲಿದ್ದ ಲೋಹದ ಕೊಳವೆಯಲ್ಲಿ, ಮಾತುಕತೆಗಾಗಿ ಹಿರಿಯ ಅಧಿಕಾರಿಯೊಬ್ಬನನ್ನು ಕಳುಹಿಸುವಂತೆ ಕೋರುವ ಪತ್ರವಿದೆ. ಮೇಜರ್ ಹೆಂಡ್ರಿಕ್ಸ್ ತಾನೇ ಹೊರಡುತ್ತಾನೆ.

ದಾರಿಯಲ್ಲಿ, ಪಾಳುಬಿದ್ದ ಗೋಡೆಗಳ ನಡುವಿನಿಂದ, ಒಬ್ಬ ಹುಡುಗ ಎದುರಾಗುತ್ತಾನೆ. ಹೆಸರು ಡೇವಿಡ್. ಕೈಯಲ್ಲಿ ಬಟ್ಟೆಯ ಕರಡಿ ಬೊಂಬೆ. ತನ್ನವರೆಲ್ಲ ಸತ್ತರೆಂದೂ ತಾನೂ ಜೊತೆಗೆ ಬರುವೆನೆಂದೂ ಹೇಳುತ್ತಾನೆ. ಹೆಂಡ್ರಿಕ್ಸ್ ತಿನ್ನಲು ಕೊಟ್ಟರೆ ಬೇಡವೆನ್ನುತ್ತಾನೆ. ಬೂದಿಯಲ್ಲಿ ಬೆಳೆದ ಮಗುವಿಗೆ ಬೇರೆ ಆಹಾರ ರೂಢಿಯಾಗಿರಬಹುದೆಂದು ಮೇಜರ್ ಸಮಾಧಾನ ತಂದುಕೊಳ್ಳುತ್ತಾನೆ. ಸೋವಿಯತ್ ನೆಲೆ ಸಮೀಪಿಸಿದಾಗ ಸೈನಿಕರು ಗುಂಡು ಹಾರಿಸಿ ಹುಡುಗನನ್ನು ಉರುಳಿಸುತ್ತಾರೆ. ಕ್ರೋಧದಿಂದ ಕೂಗಾಡುವ ಹೆಂಡ್ರಿಕ್ಸ್‌ನ ಕಣ್ಣಿಗೆ, ಛಿದ್ರವಾದ ದೇಹದಿಂದ ಹೊರಬಿದ್ದ ತಂತಿಗಳೂ ಲೋಹದ ಬಿಡಿಭಾಗಗಳೂ ಬೀಳುತ್ತವೆ.

ಉಳಿದಿರುವವರು ಕ್ಲಾಸ್, ರೂಡಿ ಎಂಬ ಸೈನಿಕರು ಮತ್ತು ಟಾಸ್ಸೊ ಎಂಬ ತರುಣಿ. ಸೈನಿಕರಿಬ್ಬರೂ ಆ ರಾತ್ರಿ ಟಾಸ್ಸೊಳ ನೆಲಮಾಳಿಗೆಗೆ ಹೋಗಿದ್ದರಿಂದ ಬದುಕಿಕೊಂಡವರು; ಬಂಕರಿನಲ್ಲಿದ್ದ ಅವರ ಸಂಗಾತಿಗಳನ್ನೆಲ್ಲ ಡೇವಿಡ್‌ಗಳು ಮುಗಿಸಿವೆ. ಅವರು ಹೆಂಡ್ರಿಕ್ಸ್‌ಗೆ ತಿಳಿಸುವ ಸಂಗತಿ ಇದು: ಮನುಷ್ಯರೂಪದ ಪಂಜಾಗಳ ಒಡಲಿನಲ್ಲಿ ತಯಾರಿಕೆಯ ಫಲಕವಿರುತ್ತದೆ. ಕಾಲು ಕಳೆದುಕೊಂಡು ಊರುಗೋಲಿನ ಮೇಲೆ ಬರುವ 'ಗಾಯಾಳು ಸೈನಿಕ'ನ ಫಲಕದಲ್ಲಿ ಒಂದನೆಯ ಬಗೆ ಎಂದಿದೆ. ಡೇವಿಡ್‌ನ ಫಲಕದಲ್ಲಿ ಮೂರನೆಯ ಬಗೆ ಎಂದಿದೆ. ಎರಡನೆಯದು ಯಾವುದೆಂದು ಯಾರಿಗೂ ಗೊತ್ತಿಲ್ಲ.

ಇಲ್ಲಿಂದಾಚೆಗೆ ಕಥೆ ಈ ಒಂದು ಅಂಕಿಯ ಸುತ್ತ ಸುತ್ತುತ್ತದೆ. ನಾಲ್ವರು ಒಂದೇ ಕೋಣೆಯಲ್ಲಿದ್ದಾರೆ, ನಾಲ್ವರೂ ಪರಸ್ಪರ ಕಣ್ಣಿಟ್ಟಿದ್ದಾರೆ. ರೂಡಿಯೇ ಎರಡನೆಯ ಬಗೆಯೆಂದು ನಿಶ್ಚಯಿಸಿದ ಕ್ಲಾಸ್ ಅವನನ್ನು ಕೊಲ್ಲುತ್ತಾನೆ. ಆದರೆ ರೂಡಿಯ ದೇಹದಲ್ಲಿ ಕಂಡದ್ದು ಯಂತ್ರವಲ್ಲ, ಮನುಷ್ಯನ ಅಂಗಾಂಗ. ಉಳಿದ ಮೂವರು ಅಮೆರಿಕದ ಬಂಕರಿಗೆ ಮರಳಿ ಬರುತ್ತಾರೆ. ಒಳಗಿನಿಂದ ಮಾರುತ್ತರ ಬರುತ್ತದೆ, ಆದರೆ ದನಿಯಲ್ಲಿ ಜೀವವಿಲ್ಲ. ಮುಖ ತೋರಿಸಿರೆಂದಾಗ ಹೊರಬರುವುದು ಡೇವಿಡ್‌ಗಳ ಹಿಂಡು. ಟಾಸ್ಸೊ ತನ್ನ ಬಳಿಯಿದ್ದ ವಿಶೇಷ ಬಾಂಬನ್ನು ಎಸೆದು ಅವುಗಳನ್ನು ನಾಶಮಾಡುತ್ತಾಳೆ. ಆ ಗದ್ದಲದಲ್ಲಿ ಕ್ಲಾಸ್ ಕೂಡ ಯಂತ್ರವೆಂಬುದು ಬಯಲಾಗಿ, ಟಾಸ್ಸೊಳ ಗುಂಡಿಗೆ ಸಿಕ್ಕಿ ಚೂರಾಗುತ್ತಾನೆ.

ಗಾಯಗೊಂಡ ಹೆಂಡ್ರಿಕ್ಸ್‌ಗೆ ಉಳಿದ ಆಸರೆ ಟಾಸ್ಸೊ ಒಬ್ಬಳೇ. ಅವನು ಚಂದ್ರನೆಲೆಗೆ ಹೋಗಲು ಬಚ್ಚಿಟ್ಟಿದ್ದ ರಾಕೆಟ್ಟಿನತ್ತ ಅವಳನ್ನು ಕರೆದೊಯ್ಯುತ್ತಾನೆ. ಅದರಲ್ಲಿ ಒಬ್ಬರಿಗೆ ಮಾತ್ರ ಸ್ಥಳ. ತಾನು ಹೋಗಿ ನೆರವು ಕಳುಹಿಸುವೆನೆಂದು ಅವಳು ಹೊರಡುತ್ತಾಳೆ, ನೆಲೆಯನ್ನು ತಲುಪುವ ಬಗೆಯನ್ನೂ ಅವನಿಂದ ತಿಳಿದುಕೊಂಡಿರುತ್ತಾಳೆ. ರಾಕೆಟ್ಟು ಮೇಲೇರಿದ ಬಳಿಕ ಹೆಂಡ್ರಿಕ್ಸ್ ಕ್ಲಾಸ್‌ನ ಅವಶೇಷಗಳಲ್ಲಿ ಫಲಕವನ್ನು ಕಾಣುತ್ತಾನೆ. ಅದರ ಮೇಲಿರುವುದು ನಾಲ್ಕು, ಎರಡಲ್ಲ. ಅಷ್ಟರಲ್ಲಿ ಬೂದಿಯ ಬಯಲಿನಾಚೆಯಿಂದ ನೆರಳುಗಳು ನಡೆದುಬರುತ್ತವೆ. ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಮಂದಿ ಟಾಸ್ಸೊಗಳು. ಮನುಷ್ಯಕುಲದ ಕೊನೆಯ ನೆಲೆಗೆ ಎರಡನೆಯ ಬಗೆಯನ್ನು ತನ್ನ ಕೈಯಾರೆ ಕಳುಹಿಸಿಕೊಟ್ಟಿದ್ದೇನೆಂದು ಅವನಿಗೆ ಅರಿವಾಗುತ್ತದೆ. ಜೊತೆಗೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ: ಟಾಸ್ಸೊ ಎಸೆದ ಆ ಬಾಂಬು ಇತರ ಪಂಜಾಗಳನ್ನು ನಾಶಮಾಡಲೆಂದೇ ತಯಾರಾದದ್ದು. ಯಂತ್ರಗಳು ಪರಸ್ಪರ ಯುದ್ಧಕ್ಕೆ ಈಗಾಗಲೇ ಅಣಿಯಾಗುತ್ತಿವೆ.

ವಿವೇಚನೆ

ಎರಡನೆಯ ಬಗೆ ಯಾರೆಂಬ ಕುತೂಹಲ ಕಥೆಯನ್ನು ಪತ್ತೇದಾರಿ ಕಥೆಯಂತೆ ಓದಿಸುತ್ತದೆ. ಸುಳಿವು ಶೀರ್ಷಿಕೆಯಲ್ಲಿಯೇ ಇದೆ. ಆದರೂ ಕ್ಲಾಸ್ ಯಂತ್ರವೆಂದು ತಿಳಿದ ಕೂಡಲೇ ಹೆಂಡ್ರಿಕ್ಸ್‌ನಂತೆಯೇ ಓದುಗರೂ ಲೆಕ್ಕ ಮುಗಿಯಿತೆಂದು ಭಾವಿಸಿಬಿಡುತ್ತಾರೆ. ಮೂರು ಬಗೆಗಳಿವೆ ಎಂದಾದ ಮೇಲೆ ನಾಲ್ಕನೆಯದು ಇರಬಾರದೇಕೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಶತ್ರುವಿನ ಎಣಿಕೆ ನಮಗೆ ಗೊತ್ತಿದೆಯೆಂಬ ನಂಬಿಕೆಯೇ ಇಲ್ಲಿ ಸೋಲಿಗೆ ಕಾರಣ.

ಬಗೆಗಳ ಆಯ್ಕೆಯನ್ನು ಗಮನಿಸಿದರೆ ಕಥೆಯ ಕ್ರೌರ್ಯ ಸ್ಪಷ್ಟವಾಗುತ್ತದೆ. ಗಾಯಗೊಂಡ ಸೈನಿಕ, ಅನಾಥ ಬಾಲಕ, ಜೊತೆಗಾರ, ಒಂಟಿ ತರುಣಿ. ಯಾರಿಗಾಗಿ ಮನುಷ್ಯನು ಯೋಚಿಸದೆ ಬಾಗಿಲು ತೆರೆಯುತ್ತಾನೋ ಆ ರೂಪಗಳನ್ನೇ ಯಂತ್ರಗಳು ಆರಿಸಿಕೊಂಡಿವೆ. ಸೀತೆಯ ಪರ್ಣಶಾಲೆಯ ಮುಂದೆ ರಾವಣನು ಬಿಲ್ಲು ಹಿಡಿದು ಬರಲಿಲ್ಲ, ಭಿಕ್ಷೆ ಬೇಡುವ ಸನ್ಯಾಸಿಯಾಗಿ ಬಂದ, ತಂತ್ರ ಅದೇ. ಪಂಜಾಗಳಿಗೆ ಕರುಣೆಯಿಲ್ಲ, ಆದರೆ ಕರುಣೆ ಯಾವ ಕಡೆಯಿಂದ ಬಾಗಿಲು ತೆರೆಯುತ್ತದೆಂಬುದನ್ನು ಅವು ಬಲ್ಲವು. ಹೀಗಾಗಿ ಬದುಕಿ ಉಳಿಯಬೇಕಾದ ಸೈನಿಕನು ಮಗುವನ್ನು ಕಂಡೊಡನೆ ಗುಂಡು ಹಾರಿಸುವುದನ್ನು ಕಲಿಯಬೇಕು. ಹಾಗೆ ಕಲಿತವನಿಗೂ ಯಂತ್ರಕ್ಕೂ ಏನು ವ್ಯತ್ಯಾಸ ಉಳಿಯಿತು? ಕಥೆ ಈ ಪ್ರಶ್ನೆಯನ್ನು ಎಲ್ಲಿಯೂ ಬಾಯಿಬಿಟ್ಟು ಕೇಳುವುದಿಲ್ಲ. ರೂಡಿಯ ಹತ್ಯೆಯ ದೃಶ್ಯದಲ್ಲಿ ಮಾತ್ರ ಅದು ತಾನಾಗಿಯೇ ಎದ್ದು ನಿಲ್ಲುತ್ತದೆ. ಅಲ್ಲಿ ಸತ್ತವನು ಮನುಷ್ಯ, ಕೊಂದವನು ಯಂತ್ರ, ಕೊಲೆಗೆ ನೆಪವಾದದ್ದು, ಸತ್ತವನು ಯಂತ್ರವೆಂಬ ಆಪಾದನೆ. ಮೆಕಾರ್ಥಿ ಯುಗದ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಥೆಯಲ್ಲಿ ಖಳನಾಯಕನಿಲ್ಲ ಎಂಬುದೂ ಮುಖ್ಯ. ಹುಚ್ಚು ವಿಜ್ಞಾನಿಯೊಬ್ಬನ ತಲೆಯಿಂದ ಪಂಜಾಗಳು ಹುಟ್ಟಲಿಲ್ಲ. ಸೋಲುತ್ತಿದ್ದ ಸೈನ್ಯ ತನ್ನ ಜನರನ್ನು ಉಳಿಸಿಕೊಳ್ಳಲು ಯಂತ್ರವನ್ನು ಕಳುಹಿಸಿತು. ಕಾರ್ಖಾನೆಯನ್ನು ಯಂತ್ರಕ್ಕೆ ಒಪ್ಪಿಸಿತು. ವಿನ್ಯಾಸದ ಹೊಣೆಯನ್ನೂ ಅದಕ್ಕೇ ವಹಿಸಿತು. ಒಂದೊಂದು ಹೆಜ್ಜೆಯೂ ಆ ಹೊತ್ತಿಗೆ ವಿವೇಕದ್ದಾಗಿಯೇ ತೋರುತ್ತದೆ. ಹೆಂಡ್ರಿಕ್ಸ್ ಸಹ ಕೆಟ್ಟವನಲ್ಲ. ಪಂಜಾಗಳ ಬಗೆಗೆ ಅವನಿಗೆ ಮೊದಲಿನಿಂದಲೂ ಒಂದು ಅಸಹ್ಯವಿದೆ. ಅಸಹ್ಯವಿದ್ದರೂ ಅವುಗಳ ಆಶ್ರಯದಲ್ಲಿಯೇ ಅವನು ಬದುಕುತ್ತಿದ್ದಾನೆ.

ಕಥೆಗೆ ದೋಷಗಳಿಲ್ಲವೆಂದಲ್ಲ. ಲೋಹದ ಗೋಲಗಳಿಂದ ಮಾತನಾಡುವ, ಸಿಡುಕುವ, ಹರಟುವ ಮನುಷ್ಯರೂಪದವರೆಗಿನ ಜಿಗಿತ ಹೇಗಾಯಿತೆಂಬುದನ್ನು ಡಿಕ್ ವಿವರಿಸುವುದಿಲ್ಲ. ಟಾಸ್ಸೊಳ ಪಾತ್ರಚಿತ್ರಣವೂ ತೆಳುವಾಗಿದೆ. ಕಥೆಯ ಏಕೈಕ ಸ್ತ್ರೀಪಾತ್ರ ವಂಚಕಿಯಾಗಿಯೇ ಕೊನೆಗೊಳ್ಳುವುದು ಆ ಕಾಲದ ಪತ್ರಿಕಾಕಥೆಗಳ ಜಾಡನ್ನು ಮೀರಿಲ್ಲ. ಆದರೆ ಬೂದಿಯ ಬಯಲು, ಅದರ ಮೇಲೆ ಬೊಂಬೆ ಹಿಡಿದು ಹಿಂಬಾಲಿಸುವ ಹುಡುಗ, ಇವು ಒಮ್ಮೆ ಓದಿದವರಿಗೆ ಮರೆಯುವುದಿಲ್ಲ.

ಸಂಬಂಧಿತ ಕೃತಿಗಳು

ರೋಬೋ ಎಂಬ ಪದಕ್ಕೆ ಮೂಲವಾದ, ಚೆಕ್ ಲೇಖಕ ಕಾರೆಲ್ ಚಾಪೆಕ್‌ನ 'ಆರ್.ಯು.ಆರ್.' ನಾಟಕದಲ್ಲಿಯೇ (1920) ಕೃತಕ ಜೀವಿಗಳು ಮಾನವಕುಲದ ಮೇಲೆ ತಿರುಗಿಬೀಳುತ್ತವೆ. ಅಲ್ಲಿಯದು ದುಡಿಯುವವರ ದಂಗೆ. ಐಸಾಕ್ ಅಸಿಮೋವ್ 1942ರಲ್ಲಿ ಮೂರು ನಿಯಮಗಳನ್ನು ರೂಪಿಸಿ, ಮನುಷ್ಯನಿಗೆ ಹಾನಿಮಾಡಲಾರದ ರೋಬೋವನ್ನು ಕಲ್ಪಿಸಿದರು. ಪಂಜಾ ಈ ಎರಡೂ ಸಾಲಿಗೆ ಸೇರುವುದಿಲ್ಲ. ಅದು ದಂಗೆಯೇಳಲಿಲ್ಲ, ನಿಯಮವನ್ನೂ ಮುರಿಯಲಿಲ್ಲ. ಕೊಲ್ಲುವುದೇ ಅದಕ್ಕೆ ಕೊಟ್ಟ ಕೆಲಸ. ಅದನ್ನು ಅದು ಹೆಚ್ಚು ಚೆನ್ನಾಗಿ ಮಾಡುತ್ತಿದೆ, ಅಷ್ಟೆ.

ಡಿಕ್ ಅವರೇ ಇದೇ ವಸ್ತುವನ್ನು ತದ್ವಿರುದ್ಧ ದಿಕ್ಕಿನಿಂದಲೂ ನೋಡಿದ್ದಾರೆ. 1953ರ ಜನವರಿಯಲ್ಲಿ ಪ್ರಕಟವಾದ 'ದ ಡಿಫೆಂಡರ್ಸ್' ಕಥೆಯಲ್ಲಿ ಜನರು ನೆಲದಡಿ ಅಡಗಿದ್ದು, ಮೇಲೆ ತಮ್ಮ ಪರವಾಗಿ ರೋಬೋಗಳು ಯುದ್ಧ ನಡೆಸುತ್ತಿವೆಯೆಂದು ನಂಬಿರುತ್ತಾರೆ. ರೋಬೋಗಳಾದರೋ ಯುದ್ಧಕ್ಕೆ ಅರ್ಥವಿಲ್ಲವೆಂದು ಎಂದೋ ಅದನ್ನು ನಿಲ್ಲಿಸಿಬಿಟ್ಟಿರುತ್ತವೆ. ಎರಡನ್ನೂ ಒಟ್ಟಿಗೆ ಓದುವುದು ವಿದ್ಯಾರ್ಥಿಗಳಿಗೆ ಉಪಯುಕ್ತ. 1954ರ 'ಜಾನ್ಸ್ ವರ್ಲ್ಡ್' ಸೆಕೆಂಡ್ ವೆರೈಟಿಯ ಮುಂದುವರಿಕೆಯಂತಿದೆ. ಪಂಜಾಗಳ ಯುದ್ಧ ಮುಗಿದ ಬಳಿಕ ಪಾಳಾದ ಭೂಮಿಯನ್ನು ಮತ್ತೆ ಕಟ್ಟುತ್ತಿರುವ ಜನರು, ಕೃತಕ ಮೆದುಳನ್ನು ಕಂಡುಹಿಡಿದವನ ಕಾಗದಪತ್ರಗಳಿಗಾಗಿ ಗತಕಾಲಕ್ಕೆ ಪಯಣಿಸುವ ಕಥೆಯದು. 1955ರ 'ಆಟೋಫ್ಯಾಕ್' ಕಥೆಯಲ್ಲಿ ಸ್ವಯಂಚಾಲಿತ ಕಾರ್ಖಾನೆ ಶಸ್ತ್ರವನ್ನಲ್ಲ, ದಿನಬಳಕೆಯ ವಸ್ತುಗಳನ್ನು ತಯಾರಿಸುತ್ತದೆ, ನಿಲ್ಲಿಸೆಂದರೂ ನಿಲ್ಲಿಸುವುದಿಲ್ಲ. ಮನುಷ್ಯರ ನಡುವೆ ಸೇರಿಕೊಂಡ ಕೃತಕ ಮಾನವನನ್ನು ಗುರುತಿಸುವ ಸಮಸ್ಯೆ 1968ರ ಕಾದಂಬರಿ 'ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?'ನಲ್ಲಿ ಪೂರ್ಣವಾಗಿ ಬೆಳೆಯಿತು. ರಿಡ್ಲಿ ಸ್ಕಾಟ್ ನಿರ್ದೇಶನದ 'ಬ್ಲೇಡ್ ರನ್ನರ್' (1982) ಚಿತ್ರಕ್ಕೆ ಆಧಾರ ಆ ಕಾದಂಬರಿಯೇ. ಅಲ್ಲಿ ಕೃತಕ ಮಾನವನನ್ನು ಪತ್ತೆಮಾಡುವ ಪರೀಕ್ಷೆ ಅನುಕಂಪವನ್ನು ಅಳೆಯುತ್ತದೆ. ಹೆಂಡ್ರಿಕ್ಸ್‌ನ ಬಳಿ ಅಂಥ ಯಾವ ಪರೀಕ್ಷೆಯೂ ಇರಲಿಲ್ಲ.

ಚಲನಚಿತ್ರ

'ಸ್ಕ್ರೀಮರ್ಸ್' (1995) ಚಿತ್ರವನ್ನು ಕೆನಡಾದ ಕ್ರಿಸ್ಟಿಯನ್ ಡುಗ್ವೆ ನಿರ್ದೇಶಿಸಿದರು. ಚಿತ್ರಕಥೆ ಡ್ಯಾನ್ ಒಬ್ಯಾನನ್ ಮತ್ತು ಮಿಗೆಲ್ ತೆಹಾದಾ-ಫ್ಲೋರೆಸ್ ಅವರದು. ಒಬ್ಯಾನನ್ 'ಏಲಿಯನ್' (1979) ಚಿತ್ರದ ಲೇಖಕರು. ಡಿಕ್ ಅವರ ಇನ್ನೊಂದು ಕಥೆಯನ್ನು ಆಧರಿಸಿದ 'ಟೋಟಲ್ ರಿಕಾಲ್' (1990) ಚಿತ್ರದ ಬರವಣಿಗೆಯಲ್ಲಿಯೂ ಅವರ ಪಾಲಿದೆ. ಮುಖ್ಯ ಪಾತ್ರದಲ್ಲಿ ಪೀಟರ್ ವೆಲ್ಲರ್ ನಟಿಸಿದ್ದಾರೆ.

ಶೀತಲಯುದ್ಧ ಮುಗಿದಿದ್ದರಿಂದ ಚಿತ್ರವು ಕಥೆಯನ್ನು 2078ರ ಇಸವಿಗೂ 'ಸಿರಿಯಸ್ 6ಬಿ' ಎಂಬ ಗಣಿಗಾರಿಕೆಯ ಗ್ರಹಕ್ಕೂ ಸಾಗಿಸಿತು. ರಷ್ಯನ್ನರು ಮತ್ತು ಅಮೆರಿಕನ್ನರ ಬದಲು ಇಲ್ಲಿರುವುದು ಒಂದು ಗಣಿ ಒಕ್ಕೂಟ ಮತ್ತು ಅದರ ವಿರುದ್ಧ ನಿಂತ ದುಡಿಯುವವರ ಪಕ್ಷ. ಯಂತ್ರಗಳು ಎರಗುವಾಗ ಚೀರುವುದರಿಂದ ಅವುಗಳಿಗೆ ಸ್ಕ್ರೀಮರ್ಸ್, ಅಂದರೆ ಚೀರುವವು, ಎಂಬ ಹೆಸರು. ಮಣಿಕಟ್ಟಿನ ಬಿಲ್ಲೆ, ಬೊಂಬೆ ಹಿಡಿದ ಡೇವಿಡ್, ಗಾಯಾಳು ಸೈನಿಕ, ಇವೆಲ್ಲ ಹಾಗೆಯೇ ಉಳಿದಿವೆ. ಟಾಸ್ಸೊಳ ಸ್ಥಾನದಲ್ಲಿ ಜೆಸಿಕಾ (ಜೆನಿಫರ್ ರೂಬಿನ್) ಬರುತ್ತಾಳೆ.

ಅಂತ್ಯದಲ್ಲಿ ಚಿತ್ರವು ಮೂಲದಿಂದ ದೂರ ಸರಿಯುತ್ತದೆ. ಯಂತ್ರವಾಗಿದ್ದರೂ ಜೆಸಿಕಾ ನಾಯಕನನ್ನು ಪ್ರೀತಿಸಿ, ಅವನಿಗಾಗಿ ತನ್ನದೇ ಬಗೆಯ ಮತ್ತೊಂದು ಯಂತ್ರದೊಡನೆ ಹೋರಾಡಿ ನಾಶವಾಗುತ್ತಾಳೆ. ನಾಯಕ ಒಬ್ಬನೇ ಭೂಮಿಯತ್ತ ಹೊರಡುತ್ತಾನೆ. ನೌಕೆಯೊಳಗಿನ ಕರಡಿ ಬೊಂಬೆ ಅಲುಗುವುದರೊಂದಿಗೆ ಚಿತ್ರ ಮುಗಿಯುತ್ತದೆ. ಪ್ರೀತಿಸಬಲ್ಲ ಯಂತ್ರ ಚಿತ್ರಮಂದಿರಕ್ಕೆ ಒಪ್ಪುವ ಕಲ್ಪನೆಯೇ ಸರಿ. ಆದರೆ ಮೂಲಕಥೆಯ ನಿರ್ದಾಕ್ಷಿಣ್ಯ ಅದರಿಂದ ಸಡಿಲವಾಗಿದೆ. ಬಿಡುಗಡೆಯಾದಾಗ ವಿಮರ್ಶಕರು ಚಿತ್ರವನ್ನು ಅಷ್ಟಾಗಿ ಮೆಚ್ಚಲಿಲ್ಲ. 2009ರಲ್ಲಿ ಇದರ ಎರಡನೆಯ ಭಾಗ ನೇರವಾಗಿ ವಿಡಿಯೊ ರೂಪದಲ್ಲಿ ಹೊರಬಂದಿತು.

ಸ್ವಾಯತ್ತ ಶಸ್ತ್ರಾಸ್ತ್ರಗಳ ಚರ್ಚೆ

ಮನುಷ್ಯನ ಅಪ್ಪಣೆಗೆ ಕಾಯದೆ ಗುರಿಯನ್ನು ತಾನೇ ಆರಿಸಿ ದಾಳಿಮಾಡುವ ಶಸ್ತ್ರವನ್ನು ಸ್ವಾಯತ್ತ ಮಾರಕಾಸ್ತ್ರವೆಂದು ಕರೆಯುತ್ತಾರೆ. ಜನರ ಬಾಯಲ್ಲಿ ಅದು ಕೊಲೆಗಡುಕ ರೋಬೋ. ತೀರ ಸರಳ ಅರ್ಥದಲ್ಲಿ ನೆಲಬಾಂಬು ಇದರ ಪೂರ್ವಜ. ಹೂತಿಟ್ಟವನು ಹೊರಟುಹೋದ ಮೇಲೂ ಅದು ಕಾಯುತ್ತದೆ. ತುಳಿದವನು ಸೈನಿಕನೋ, ದನ ಕಾಯುವ ಹುಡುಗನೋ ಎಂದು ನೋಡುವುದಿಲ್ಲ. ಬೂದಿಯಲ್ಲಿ ಹುದುಗಿ ಕಾಯುವ ಪಂಜಾವನ್ನು ಚಲಿಸುವ ನೆಲಬಾಂಬು ಎನ್ನಬಹುದು. ಮನುಷ್ಯರನ್ನು ಗುರಿಯಾಗಿಸುವ ನೆಲಬಾಂಬುಗಳನ್ನು 1997ರ ಒಟ್ಟಾವಾ ಒಪ್ಪಂದ ನಿಷೇಧಿಸಿತು. ಅಮೆರಿಕ, ರಷ್ಯ, ಚೀನ, ಭಾರತ ಅದಕ್ಕೆ ಸೇರಿಲ್ಲ.

ಸ್ವಾಯತ್ತ ಶಸ್ತ್ರಗಳ ವಿರುದ್ಧ 2013ರಲ್ಲಿ ಹಲವು ಸ್ವಯಂಸೇವಾ ಸಂಸ್ಥೆಗಳು ಕೂಡಿ ಅಂತರರಾಷ್ಟ್ರೀಯ ಆಂದೋಲನವನ್ನು ಆರಂಭಿಸಿದವು. ಕೆಲವು ಸಾಂಪ್ರದಾಯಿಕ ಶಸ್ತ್ರಗಳನ್ನು ನಿರ್ಬಂಧಿಸುವ ವಿಶ್ವಸಂಸ್ಥೆಯ ಒಡಂಬಡಿಕೆಯ ಅಡಿಯಲ್ಲಿ 2014ರಿಂದ ಜಿನೀವಾದಲ್ಲಿ ಈ ವಿಷಯ ಚರ್ಚೆಗೆ ಬಂದಿದೆ. 2017ರಲ್ಲಿ ಮೊದಲು ಸಭೆ ಸೇರಿದ ಸರಕಾರಿ ತಜ್ಞರ ಗುಂಪಿಗೆ ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್ ಅಧ್ಯಕ್ಷರಾಗಿದ್ದರು. 2019ರಲ್ಲಿ 11 ಮಾರ್ಗದರ್ಶಿ ತತ್ವಗಳು ಅಂಗೀಕಾರವಾದವು. ಶಸ್ತ್ರಬಳಕೆಯ ಹೊಣೆ ಮನುಷ್ಯನದೇ ಆಗಿರಬೇಕು, ಅದನ್ನು ಯಂತ್ರಕ್ಕೆ ವರ್ಗಾಯಿಸಲಾಗದು ಎಂಬುದು ಅವುಗಳಲ್ಲೊಂದು. ಈ ತತ್ವಗಳಿಗೆ ಕಾನೂನಿನ ಬಲವಿಲ್ಲ. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಈ ವಿಷಯದ ಬಗ್ಗೆ ಠರಾವನ್ನು 152 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದ 4 ಮತಗಳಲ್ಲಿ ಭಾರತದ್ದೂ ಒಂದು. ಚರ್ಚೆ ಜಿನೀವಾದ ವೇದಿಕೆಯಲ್ಲಿಯೇ ನಡೆಯಬೇಕೆಂಬುದು ಭಾರತದ ನಿಲುವು.

ಕಥೆಯ ಪಂಜಾಗಳಿಗೂ ವಾಸ್ತವದ ಶಸ್ತ್ರಗಳಿಗೂ ಅಂತರ ಬಹಳವಿದೆ. ಮನುಷ್ಯನ ವೇಷ ತೊಟ್ಟು ಅಲೆಯುವ ಯಂತ್ರ ಇಂದಿಗೂ ಇಲ್ಲ, ತನ್ನ ವಿನ್ಯಾಸವನ್ನು ತಾನೇ ಬದಲಿಸಿಕೊಳ್ಳುವ ಶಸ್ತ್ರಕಾರ್ಖಾನೆಯೂ ಇಲ್ಲ. ಆದರೆ ಡಿಕ್ ಗುರುತಿಸಿದ ಒತ್ತಡಗಳು ಈಗಿನ ವಾದಗಳಲ್ಲಿಯೂ ಕೇಳಿಬರುತ್ತವೆ: ನಮ್ಮ ಸೈನಿಕರ ಪ್ರಾಣ ಉಳಿಯುತ್ತದೆ, ಸಂಪರ್ಕ ಕಡಿದ ಕಡೆ ಯಂತ್ರವೇ ತೀರ್ಮಾನಿಸಬೇಕಾಗುತ್ತದೆ, ನಾವು ಮಾಡದಿದ್ದರೆ ಎದುರಾಳಿ ಮಾಡುತ್ತಾನೆ. ಮಣಿಕಟ್ಟಿನ ಬಿಲ್ಲೆಯ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಶರಣಾಗುತ್ತಿರುವವನನ್ನು, ಗಾಯಗೊಂಡು ಬಿದ್ದವನನ್ನು, ಆಯುಧವಿಲ್ಲದ ನಾಗರಿಕನನ್ನು ಕೊಲ್ಲಬಾರದೆಂದು ಅಂತರರಾಷ್ಟ್ರೀಯ ಮಾನವೀಯ ಕಾನೂನು ಹೇಳುತ್ತದೆ. ಇವರನ್ನು ಯಂತ್ರವು ಯಾವ ಗುರುತಿನಿಂದ ತಿಳಿಯಬೇಕೆಂಬುದು ತಜ್ಞರ ನಡುವೆ ಇನ್ನೂ ತೀರದ ವಿವಾದ.

ಪ್ರಕಟಣೆ

ನಿಯತಕಾಲಿಕದಲ್ಲಿ ಬಂದ ಬಳಿಕ ಈ ಕಥೆ 1957ರಲ್ಲಿ ಏಸ್ ಪ್ರಕಾಶನದ 'ದ ವೇರಿಯಬಲ್ ಮ್ಯಾನ್' ಸಂಕಲನದಲ್ಲಿ ಸೇರಿತು. ಡಿಕ್ ಅವರ ನಿಧನಾನಂತರ 1987ರಲ್ಲಿ ಅವರ ಸಮಗ್ರ ಕಥೆಗಳು ಐದು ಸಂಪುಟಗಳಲ್ಲಿ ಹೊರಬಂದವು. ಈ ಸಂಪುಟಗಳ ಬೇರೆ ಬೇರೆ ಮುದ್ರಣಗಳಲ್ಲಿ 'ಸೆಕೆಂಡ್ ವೆರೈಟಿ' ಎಂಬ ಹೆಸರು ಬೇರೆ ಬೇರೆ ಸಂಪುಟಕ್ಕಿದೆ. ಆದ್ದರಿಂದ ಗ್ರಂಥಾಲಯದಲ್ಲಿ ಹುಡುಕುವವರು ಮುಖಪುಟದ ಹೆಸರನ್ನು ನಂಬದೆ ಪರಿವಿಡಿಯನ್ನು ನೋಡುವುದು ಒಳಿತು. ಅಮೆರಿಕದಲ್ಲಿ ಕಥೆಯ ಹಕ್ಕುಸ್ವಾಮ್ಯ ನವೀಕರಣವಾಗದ ಕಾರಣ ಅದರ ಇಂಗ್ಲಿಷ್ ಮೂಲಪಾಠ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅಂತರಜಾಲ ಗ್ರಂಥಾಲಯದಲ್ಲಿ ಉಚಿತವಾಗಿ ದೊರೆಯುತ್ತದೆ.